ಖರಾಬಿನ ಮೇಲೊಂದು ದಿನ

ನಮ್ಮೂರು ಎಮ್ಮಿಗನೂರು ಅಂದರೆ ಸಾಕು, ಎದುರಿನವರು 'ಓ, ಕರ್ನೂಲು ಕಡೇದಾ?' ಅನ್ನುತ್ತಾರೆ. ಅಲ್ಲರೀ, ಅದು ನೇಕಾರರ ಎಮ್ಮಿಗನೂರು, ನಮ್ಮದು ಭತ್ತದ ಎಮ್ಮಿಗನೂರು, ಕಂಪ್ಲಿ ತಾಲ್ಲೂಕು, ಬಳ್ಳಾರಿ ಜಿಲ್ಲೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ಅವರ ಬಸ್ಸು ಬಂದಿರುತ್ತದೆ. ಬೆಟ್ಟ ಹತ್ತಬೇಕೆಂದು ನಾನು ತರಿಸಿದ ಬೂಟು ಕೂಡ ಇದೇ ಗೊಂದಲಕ್ಕೆ ಸಿಕ್ಕಿ ಮೊದಲು ಆಂಧ್ರಕ್ಕೆ ಹೋಯಿತು. ಅಲ್ಲಿ ಮೂರು ವಾರ ಇದ್ದು, ಯಾರೂ ದಿಕ್ಕಿಲ್ಲದೆ, ಕೊನೆಗೆ ನನ್ನ ಹೆಸರು ಹುಡುಕಿಕೊಂಡು ವಾಪಸು ಬಂತು. ನನಗಿಂತ ಮೊದಲು ನನ್ನ ಬೂಟು ದೇಶ ಸುತ್ತಿತ್ತು.

ಊರ ಹೆಸರಿನಲ್ಲಿ ಎಮ್ಮೆ ಇರುವುದರ ಕಷ್ಟ ಬೇರೆ. ಹಾಸ್ಟೆಲ್ಲಿನಲ್ಲಿ ಇದ್ದಷ್ಟು ವರ್ಷ ನನ್ನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. ಆಗ ಸಿಟ್ಟು ಬರುತ್ತಿತ್ತು. ಈಗ ಯೋಚಿಸಿದರೆ ಬೈಗುಳದಲ್ಲಿ ಸತ್ಯ ಇತ್ತು ಅನ್ನಿಸುತ್ತದೆ. ಕೆಸರು, ನೀರು, ಮಟ್ಟಸ ನೆಲ, ಮಧ್ಯಾಹ್ನದ ನಿದ್ದೆ ಇವಿಷ್ಟಿದ್ದರೆ ನಮ್ಮ ಕಡೆಯವರಿಗೂ ಎಮ್ಮೆಗೂ ಬೇರೆ ಏನೂ ಬೇಕಾಗುವುದಿಲ್ಲ. ನಮ್ಮೂರಲ್ಲಿ ಎತ್ತರದ ವಸ್ತುಗಳು ಮೂರೇ: ಕಾಲುವೆಯ ಏರಿ, ಹುಲ್ಲಿನ ಬಣವೆ, ನೀರಿನ ಟ್ಯಾಂಕು. ಇವುಗಳಲ್ಲಿ ಹತ್ತಲು ಅನುಮತಿ ಇದ್ದದ್ದು ಏರಿಗೆ ಮಾತ್ರ.

ಆ ಏರಿ ಮೇಲೆ ನಿಂತರೆ, ಮಳೆ ಹೊಯ್ದು ಆಕಾಶ ತೊಳೆದಿಟ್ಟ ದಿನಗಳಲ್ಲಿ, ನೈರುತ್ಯಕ್ಕೆ ಒಂದು ನೀಲಿ ಗೆರೆ ಕಾಣುತ್ತಿತ್ತು. 'ಅದು ಸೊಂಡೂರು ಗುಡ್ಡ' ಎಂದು ತಾತ ಹೇಳುತ್ತಿದ್ದ. 'ಅಲ್ಲ, ದರೋಜಿ ಗುಡ್ಡ' ಎಂದು ಪಕ್ಕದ ಹೊಲದವರು ಹೇಳುತ್ತಿದ್ದರು. ಈ ವಾದ ಇಬ್ಬರೂ ಬದುಕಿರುವವರೆಗೆ ಮುಗಿಯಲಿಲ್ಲ. ಇಬ್ಬರೂ ಅಲ್ಲಿಗೆ ಹೋಗಿ ನೋಡಲೂ ಇಲ್ಲ. ಹೋಗಿದ್ದರೆ ಮಾತಾಡಲು ಏನು ಉಳಿಯುತ್ತಿತ್ತು?

ಮೂರ್ ಎಂಬ ಇಂಗ್ಲಿಷ್ ಪದ ನನ್ನ ಕಿವಿಗೆ ಮೊದಲು ಬಿದ್ದದ್ದು ಕಾಲೇಜಿನಲ್ಲಿ. ನಮಗೆ ಮೂರು ಎಂದರೆ ಎರಡಾದ ಮೇಲೆ ಬರುವುದು. ಆಮೇಲೆ ಶೇಕ್ಸ್‌ಪಿಯರ್‌ನ ಒಥೆಲೊ ಬಂದ, ಅವನೂ ಮೂರ್. ಅದಾಗಿ ಎಮಿಲಿ ಬ್ರಾಂಟೆಯ 'ವದರಿಂಗ್ ಹೈಟ್ಸ್' ಬಂತು, 1847ರ ಕಾದಂಬರಿ. ಅಲ್ಲಿ ಪುಟಪುಟಕ್ಕೂ ಮೂರ್ ಮೇಲೆ ಗಾಳಿ ಬೀಸುತ್ತದೆ. ಒಥೆಲೊ ಮೇಲೆ ಅಷ್ಟೊಂದು ಗಾಳಿ ಯಾಕೆ ಬೀಸುತ್ತದೆ ಎಂದು ನಾವು ಹಿಂದಿನ ಬೆಂಚಿನವರು ಬಹಳ ತಲೆ ಕೆಡಿಸಿಕೊಂಡೆವು. ಕೊನೆಗೆ ಮೇಷ್ಟರನ್ನೇ ಕೇಳಿದೆವು. ಅವರು ಕಿಟಕಿಯಾಚೆ ಒಂದು ಗಳಿಗೆ ನೋಡಿ, 'ಎತ್ತರದ ಮೇಲಿನ ಬಂಜರು ಕಣ್ರಪ್ಪಾ, ಮರ ಇಲ್ಲ, ಮನೆ ಇಲ್ಲ, ಬರೀ ಹುಲ್ಲು ಗಾಳಿ' ಎಂದರು. ಹಿಂದಿನಿಂದ ಯಾರೋ 'ಹಂಗಾರೆ ಖರಾಬು ಜಮೀನು ಸಾರ್' ಅಂದ. ಇಡೀ ತರಗತಿಗೆ ಒಂದೇ ಏಟಿಗೆ ಅರ್ಥವಾಯಿತು.

ರೈತರ ಮನೆಯ ಹುಡುಗರಿಗೆ ಪಹಣಿಯ ಭಾಷೆ ಪಠ್ಯಪುಸ್ತಕದ ಭಾಷೆಗಿಂತ ಬೇಗ ಬರುತ್ತದೆ. ಪಹಣಿಯಲ್ಲಿ ಖರಾಬಿಗೊಂದು ಜಾಗವೇ ಇದೆ. ಅದರಲ್ಲೂ ಅ ಖರಾಬು, ಬ ಖರಾಬು ಎಂದು ಎರಡು ತರಗತಿ. ಉಳಲಾಗದ್ದು ಅ, ದಾರಿ-ಹಳ್ಳ ಅಂತ ಊರಿಗೆಲ್ಲ ಸೇರಿದ್ದು ಬ. ನಮ್ಮ ಹೊಲದಲ್ಲೂ ನಾಲ್ಕು ಗುಂಟೆ ಖರಾಬು ಇತ್ತು. ಒಂದು ಕಲ್ಲಿನ ದಿಬ್ಬ, ಸುತ್ತ ಮುಳ್ಳು, ನಡುವೆ ಹುಲ್ಲು. ಮುಂಗುಸಿ, ಲಾವಕ್ಕಿ, ಉಡ, ಒಂದು ಜೋಡಿ ಗೂಬೆ, ಬೇಸಿಗೆಯಲ್ಲಿ ಒಂದು ನಾಗರ ಇವೆಲ್ಲ ಆ ನಾಲ್ಕು ಗುಂಟೆಯಲ್ಲಿದ್ದವು. ಉಳಿದ ಐದು ಎಕರೆಯಲ್ಲಿ ಭತ್ತ, ಕೊಕ್ಕರೆ ಮತ್ತು ನಮ್ಮ ಸಾಲ ಇದ್ದವು.

ಇಷ್ಟು ಪೀಠಿಕೆ ಯಾಕೆಂದರೆ, ನಾನು ಕೊನೆಗೂ ಆ ನೀಲಿ ಗೆರೆಯ ಹತ್ತಿರ ಹೋದೆ.

ಸಂಡೂರಿನಲ್ಲಿ ನಮ್ಮ ಅಕ್ಕನ ಮನೆ. ಭಾವ ಪ್ರತಿ ವರ್ಷ ಫೋನು ಮಾಡಿ 'ಸೆಪ್ಟೆಂಬರಿನಾಗ ಬಾ ತಮ್ಮಾ, ಗುಡ್ಡ ನೋಡುವಂತಿ' ಅನ್ನುತ್ತಿದ್ದರು. ಸೆಪ್ಟೆಂಬರಿನಲ್ಲಿ ಸಂಡೂರು ನೋಡಬೇಕೆಂದು ಗಾಂಧೀಜಿ ಹೇಳಿದ್ದರಂತೆ. ಈ ಮಾತನ್ನು ಸಂಡೂರಿನವರು ತಮಗೇ ಹೇಳಿದ್ದೆಂಬಂತೆ ಎದೆಯುಬ್ಬಿಸಿ ಹೇಳುತ್ತಾರೆ. ನಾನು ಹೋಗುವುದೆಂದು ಗಟ್ಟಿ ಮಾಡಿದ ವರ್ಷ ಬೂಟು ಆಂಧ್ರದಲ್ಲಿತ್ತು. ಅದು ಬಂದಾಗ ದೀಪಾವಳಿ ಹತ್ತಿರ. ಗಾಂಧೀಜಿಯ ಮಾತು ಮೀರಿದ ಪಾಪ ನನ್ನದಲ್ಲ, ಪಾರ್ಸಲ್ಲಿನದು.

ಕಂಪ್ಲಿಯಿಂದ ಹೊಸಪೇಟೆ, ಹೊಸಪೇಟೆಯಿಂದ ಸಂಡೂರು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗಿನಿಂದ ಈ ಪ್ರಯಾಣಕ್ಕೆ ಒಂದು ಗಮ್ಮತ್ತು ಬಂದಿದೆ. ಬಳ್ಳಾರಿ ಜಿಲ್ಲೆಯಲ್ಲಿ ಬಸ್ಸು ಹತ್ತಿ, ವಿಜಯನಗರ ಜಿಲ್ಲೆಯಲ್ಲಿ ಒಗ್ಗರಣೆ ಮಿರ್ಚಿ ತಿಂದು, ಮತ್ತೆ ಬಳ್ಳಾರಿ ಜಿಲ್ಲೆಯಲ್ಲಿ ಇಳಿಯುವುದು. ಮಿರ್ಚಿ ಮಾತ್ರ ಎರಡೂ ಜಿಲ್ಲೆಯಲ್ಲಿ ಒಂದೇ ಖಾರ.

ಸಂಡೂರಿನ ಇರವೇ ವಿಚಿತ್ರ. ಎರಡು ಸಾಲು ಬೆಟ್ಟ ದೋಣಿಯ ಎರಡು ಅಂಚಿನಂತೆ ಎದ್ದು ನಿಂತಿವೆ, ಊರು ದೋಣಿಯ ಹೊಟ್ಟೆಯಲ್ಲಿ ಕೂತಿದೆ. ನಾರಿಹಳ್ಳವೆಂಬ ಸಣ್ಣ ಹೊಳೆ ಈ ದೋಣಿಗೆ ಎರಡು ಕಡೆ ತೂತು ಕೊರೆದಿದೆ. ಓಬಳಗಂಡಿ ಒಂದು, ಭೀಮಗಂಡಿ ಇನ್ನೊಂದು. ಬೇಸಿಗೆಯಲ್ಲಿ ಎಮ್ಮೆ ದಾಟಿದರೂ ಗೊರಸು ನೆನೆಯದ ಹಳ್ಳ ಅಷ್ಟು ದೊಡ್ಡ ಬೆಟ್ಟ ಸೀಳಿತೇ ಎಂದು ನಾನು ಕೇಳಿದ್ದಕ್ಕೆ ಭಾವ, 'ಅದಕ್ಕೇನು ಅವಸರ ಇರಲಿಲ್ಲಪಾ' ಅಂದರು. 1949ರವರೆಗೆ ಇದು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ಸುತ್ತ ಬ್ರಿಟಿಷ್ ಬಳ್ಳಾರಿ, ನಡುವೆ ದೋಣಿಯಲ್ಲಿ ಕೂತ ರಾಜರು.

ಬ್ರಿಟಿಷರು ಈ ಬೆಟ್ಟವನ್ನೂ ಬಿಡಲಿಲ್ಲ. ಬಳ್ಳಾರಿ ದಂಡಿನ ಗೋರ ಸಿಪಾಯಿಗಳು ಬಿಸಿಲಿಗೆ ಬೆಂದು ಮಲಗಿದಾಗ ಅವರನ್ನು ರಾಮನದುರ್ಗದ ಮೇಲೆ ಹತ್ತಿಸುತ್ತಿದ್ದರು. ಸುಮಾರು 3,200 ಅಡಿ ಎತ್ತರದ ಆ ತುದಿಯಲ್ಲಿ 19ನೇ ಶತಮಾನದಲ್ಲಿ ಅವರಿಗೊಂದು ಆರೋಗ್ಯಧಾಮ, ಬಂಗಲೆಗಳು ಇದ್ದವು. ಈಗ ಗೋಡೆಗಳಷ್ಟೇ ಉಳಿದಿವೆ. ಮರವಿಲ್ಲದ ತುದಿ, ಸೊಂಟದೆತ್ತರ ಹುಲ್ಲು, ಅಡ್ಡ ಬೀಸುವ ಗಾಳಿ, ಮಳೆಗಾಲದಲ್ಲಿ ಕಾಲ ಕೆಳಗೆ ಮೋಡ. ಸ್ಕಾಟ್ಲೆಂಡಿನಿಂದ ಬಂದ ಯಾವನೋ ಸಿಪಾಯಿ ಅಲ್ಲಿ ಕಂಬಳಿ ಹೊದ್ದು ಕೂತು, ಊರಿನ ಮೂರ್ ನೆನೆದು ಮೂಗು ಒರೆಸಿಕೊಂಡಿರಬೇಕು. ಜ್ವರಕ್ಕೂ ಮೂಗು ಸೋರುತ್ತದೆ ಅನ್ನಿ.

ನಾವು ಹೋದದ್ದು ರಾಮನದುರ್ಗಕ್ಕಲ್ಲ, ಸ್ವಾಮಿಮಲೈಗೆ, ಕುಮಾರಸ್ವಾಮಿ ಬೆಟ್ಟಕ್ಕೆ. ಚಾಲುಕ್ಯ ರಾಷ್ಟ್ರಕೂಟರ ಕಾಲದ ಗುಡಿಗಳು ಅಲ್ಲಿವೆ. ತಾಯಿ ಪಾರ್ವತಿಗೊಂದು, ಮಗನಿಗೊಂದು. ಮಗನ ಗುಡಿಯೊಳಗೆ ಹೆಂಗಸರಿಗೆ ಪ್ರವೇಶವಿಲ್ಲ. ಅಕ್ಕ ಪಾರ್ವತಿ ಗುಡಿಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, 'ನೀವು ಹೋಗಿ ಬರ್ರಿ, ನಾನು ಇಲ್ಲಿ ಅವ್ವನ ಕೂಡ ಅವಳ ಮಗನ ಬಗ್ಗೆ ಮಾತಾಡ್ತೀನಿ' ಎಂದಳು. ಒಳಗೆ ನಾವು ವಿಭೂತಿ ಹಚ್ಚಿಕೊಂಡು ಬಂದೆವು. ಹೊರಗೆ ಅವರಿಬ್ಬರ ಮಾತು ಇನ್ನೂ ಮುಗಿದಿರಲಿಲ್ಲ.

ಗುಡಿಯ ಆಚೆಗೆ ನಡೆದರೆ ಕಾಡು ತೆಳುವಾಗಿ ಹುಲ್ಲು ಶುರುವಾಗುತ್ತದೆ. ದೂರದ ಬೆಟ್ಟ ನುಣ್ಣಗೆ ಎಂದು ನಮ್ಮ ಹಿರಿಯರು ಹೇಳಿದ್ದು ಹತ್ತಿರ ಹೋದರೆ ಕಲ್ಲುಮುಳ್ಳು ಕಾಣುತ್ತದೆ ಎಂಬ ಅರ್ಥದಲ್ಲಿ. ಇಲ್ಲಿ ಗಾದೆ ಕೆಟ್ಟಿತು. ಹತ್ತಿರ ಹೋದಷ್ಟೂ ಬೆಟ್ಟ ಇನ್ನೂ ನುಣ್ಣಗಾಯಿತು. ಹಸಿರು ಮುಗಿದು ಜೇನಿನ ಬಣ್ಣಕ್ಕೆ ತಿರುಗಿದ ಹುಲ್ಲು ಒಂದು ಮಡಿಕೆಯಿಂದ ಇನ್ನೊಂದು ಮಡಿಕೆಗೆ ಇಳಿದು ಹತ್ತಿ, ಗಾಳಿ ಬಂದಾಗಲೆಲ್ಲ ಯಾರೋ ದೊಡ್ಡ ಪ್ರಾಣಿಯ ಬೆನ್ನು ಸವರಿದಂತೆ ಮಲಗಿ ಏಳುತ್ತಿತ್ತು. ಗಾದೆ ಮಾಡಿದವರು ಸಂಡೂರಿಗೆ ಬಂದಿರಲಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಅದು ಸೇಡು ತೀರಿಸಿಕೊಂಡಿತು. ನೂರು ಹೆಜ್ಜೆ ನಡೆದಿದ್ದೆನೋ ಇಲ್ಲವೋ, ಪ್ಯಾಂಟಿನ ಮೊಣಕಾಲವರೆಗೆ ಊಬು ಚುಚ್ಚಿಕೊಂಡಿತ್ತು. ಒಂದೊಂದೂ ಸೂಜಿ. ತಿರುಚಿಕೊಂಡು ಒಳಕ್ಕೇ ಹೋಗುತ್ತದೆಯೇ ಹೊರತು ಹೊರಕ್ಕೆ ಬರುವುದಿಲ್ಲ. ಆಂಧ್ರ ಸುತ್ತಿ ಬಂದ ಬೂಟು ಏನೂ ಮಾಡಲಾರದೆ ಕೆಳಗೆ ಸುಮ್ಮನಿತ್ತು. ಭಾವ ಪಂಚೆ ಎತ್ತಿ ಕಟ್ಟಿ, ಹವಾಯಿ ಚಪ್ಪಲಿಯಲ್ಲಿ ಮುಂದೆ ಮುಂದೆ ಹೋಗುತ್ತಿದ್ದರು.

'ಮರ ಯಾಕಿಲ್ಲ ಭಾವ ಇಲ್ಲಿ? ಯಾರು ಕಡಿದರು?' ಎಂದೆ. ಮರವಿಲ್ಲದ ಜಾಗ ಕಂಡರೆ ಯಾರೋ ಕಡಿದಿದ್ದಾರೆ ಎಂದು ಅನುಮಾನಿಸುವುದು ನಮ್ಮ ಕಾಲದ ಚಾಳಿ. ಭಾವ ಹಿಮ್ಮಡಿಯಿಂದ ನೆಲ ಗುದ್ದಿ ತೋರಿಸಿದರು. ಠಣ್ ಎಂದಿತು. ಒಂದು ಗೇಣು ಮಣ್ಣು, ಅದರ ಕೆಳಗೆ ಜಂಬಿಟ್ಟಿಗೆಯಂಥ ಗಟ್ಟಿ ಚಿಪ್ಪು, ಅದರ ಕೆಳಗೆ ಕಬ್ಬಿಣದ ಅದಿರು. ಮರದ ಬೇರಿಗೆ ಇಳಿಯಲು ಜಾಗವಿಲ್ಲ, ಹುಲ್ಲಿಗೆ ಅಷ್ಟು ಮಣ್ಣು ಧಾರಾಳ. ಮರವನ್ನು ಯಾರೂ ಕಡಿದಿರಲಿಲ್ಲ. ಅದಕ್ಕಿಲ್ಲಿ ಮೊದಲಿನಿಂದಲೂ ಖಾತೆಯೇ ಆಗಿರಲಿಲ್ಲ.

ಕಬ್ಬಿಣಕ್ಕೂ ಹುಲ್ಲಿಗೂ ಏನೋ ಹಳೆಯ ನಂಟಿದೆ. ಕುದುರೆಮುಖದಲ್ಲೂ ಹೀಗೆಯೇ ಅಲ್ಲವೆ, ಮೇಲೆ ಹುಲ್ಲು, ಒಳಗೆ ಅದಿರು. ಅಲ್ಲಿ ಗಣಿ 2005ರ ಕೊನೆಗೆ ನಿಂತಿತು. ಇಲ್ಲಿಯದು ಬೇರೆಯೇ ಕಥೆ, ಅದನ್ನು ಕರ್ನಾಟಕದ ಎಲ್ಲರೂ ಪತ್ರಿಕೆಗಳಲ್ಲಿ ಓದಿದ್ದಾರೆ, ಮತ್ತೆ ಬರೆಯುವುದಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನೆಲ್ಲ ನಿಲ್ಲಿಸಿದ ಮೇಲೆ ಅಕ್ಕ ಬಟ್ಟೆ ಒಗೆದು ಅಂಗಳದಲ್ಲಿ ಹರವಿದಳಂತೆ. ಸಂಜೆ ತೆಗೆಯುವಾಗಲೂ ಬಿಳಿ ಬಟ್ಟೆ ಬಿಳಿಯಾಗೇ ಇತ್ತು. 'ಒಗೆದಿದ್ದೇನೋ ಇಲ್ಲೋ ಅಂತ ಅನುಮಾನ ಬಂತು' ಎನ್ನುತ್ತಾಳೆ. ಅದಕ್ಕೆ ಮುಂಚೆ ಆ ಊರಲ್ಲಿ ಬೇವಿನ ಮರ, ನಾಯಿ, ದೇವರ ಗೋಪುರ ಎಲ್ಲಕ್ಕೂ ಒಂದೇ ಕೆಂಪು. ಆಮೇಲೆ ಕೆಲವು ಗಣಿ ನಿಯಮದೊಳಗೆ ಮತ್ತೆ ಶುರುವಾದವು. ನಾವು ನಿಂತಿದ್ದ ಕಡೆಯಿಂದ ಒಂದು ಬೆಟ್ಟ ಕಾಣುತ್ತಿತ್ತು. ಅದರ ತಲೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದು ಕೇಕಿನ ತುಂಡಿನಂತಾಗಿತ್ತು. ಅಲ್ಲಿ ಸಸಿ ನೆಡುತ್ತಿದ್ದಾರೆ, ಒಳ್ಳೆಯದೇ. ಆದರೆ ಹುಲ್ಲಿನ ತಲೆ ಬೋಳಿಸಿ ಮರದ ಟೋಪಿ ಹಾಕಿದರೆ ಅದನ್ನು ಮೊದಲಿನ ಬೆಟ್ಟ ಅನ್ನಲು ನನಗೆ ಬಾಯಿ ಬರಲಿಲ್ಲ. ನಮ್ಮ ಮನೆಯ ಹೊಸ ಕೋಣೆಗೆ ಹಾಕಿದ ಸರಳು ಯಾವ ಬೆಟ್ಟದ್ದೋ ಎಂಬುದೂ ಅದೇ ಹೊತ್ತಿಗೆ ನೆನಪಾಗಿ ಬಾಯಿ ಇನ್ನಷ್ಟು ಮುಚ್ಚಿತು.

ಹುಲ್ಲು ಖಾಲಿ ಎಂದುಕೊಂಡಿದ್ದವನಿಗೆ ಮೊದಲು ಬುದ್ಧಿ ಕಲಿಸಿದ್ದು ಕೌಜುಗ. ಕಾಲ ಬುಡದಿಂದ ಪಟಾಕಿಯಂತೆ ಸಿಡಿದು ಎದ್ದಿತು. ನನ್ನ ಎದೆ ಕುಮಾರಸ್ವಾಮಿ ಗುಡಿಯ ಗಂಟೆಯಂತೆ ಹೊಡೆದುಕೊಂಡಿತು. ಆಮೇಲೆ ಗುಬ್ಬಿಗಿಂತ ಬಣ್ಣಗೆಟ್ಟ ಒಂದು ನೆಲಗುಬ್ಬಿ ಮೇಲೇರಿ, ಗಾಳಿಯಲ್ಲಿ ನಿಂತು, ತನ್ನ ಮೈಯ ಅಳತೆಗೆ ಮೀರಿದ ಹಾಡು ಹೇಳಿ, ಕಲ್ಲು ಬಿದ್ದಂತೆ ಕೆಳಗಿಳಿಯಿತು. ಹುಲ್ಲಿನ ಮೇಲೆ ಆಳೆತ್ತರದಲ್ಲಿ ಒಂದು ಹದ್ದಿನ ಜಾತಿಯದು, ತೆಳ್ಳಗಿನದು, ರೆಕ್ಕೆ ಬಡಿಯದೆ ತೇಲುತ್ತಿತ್ತು. ಹಕ್ಕಿ ಪುಸ್ತಕದಲ್ಲಿ ಅದಕ್ಕೆ ಸೆಳೆವ ಎಂದು ಹೆಸರು. ಮಧ್ಯ ಏಷ್ಯಾದ ಹುಲ್ಲುಬಯಲುಗಳಿಂದ ಚಳಿಗಾಲಕ್ಕೆ ಇಲ್ಲಿಗೆ ಬರುತ್ತದೆ. ಅಷ್ಟು ದೂರದಿಂದ ವಿಳಾಸ ತಪ್ಪದೆ ಬಂದಿದೆಯಲ್ಲ ಎಂದು ನನ್ನ ಬೂಟು ನೋಡಿಕೊಂಡೆ.

ಸಂಡೂರು ಬೆಟ್ಟದಲ್ಲಿ ನೀಲಕುರಿಂಜಿಯೂ ಇದೆ. ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಡುವ ಗಿಡ. 'ಅದೇ ನೋಡು' ಎಂದು ಭಾವ ತೋರಿಸಿದ್ದು ಒರಟು ಎಲೆಯ ಪೊದೆ. ಹೂವಿಲ್ಲ. ನಾನು ನಿರಾಶೆ ತೋರಿಸಿದ್ದಕ್ಕೆ ಭಾವ, 'ಅದು ಹನ್ನೊಂದು ವರ್ಷ ಇರೋದು ಹಿಂಗೇ, ಒಂದು ವರ್ಷದ್ದು ನೋಡಿ ಗಿಡ ನೋಡೀನಿ ಅಂದರೆ ಹೆಂಗ?' ಎಂದರು. ಮದುವೆ ಫೋಟೋ ನೋಡಿ ಸಂಸಾರ ನೋಡಿದೆ ಅಂದಂತೆ ಎಂದು ಸೇರಿಸಿದರು. ಅಕ್ಕ ಹತ್ತಿರ ಇರಲಿಲ್ಲ, ಧೈರ್ಯವಾಗಿ ಹೇಳಿದರು.

ಮಧ್ಯಾಹ್ನಕ್ಕೆ ಒಬ್ಬ ಕುರಿ ಕಾಯುವ ಅಜ್ಜ ಸಿಕ್ಕ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಸೊಂಟದಲ್ಲಿ ಮೊಬೈಲು.

'ಯಾವೂರಾತಪಾ?'

'ಎಮ್ಮಿಗನೂರು, ಕಂಪ್ಲಿ ಹತ್ರ.'

ಜೀವನದಲ್ಲಿ ಮೊದಲ ಸಲ ಒಬ್ಬರು ಕರ್ನೂಲಾ ಎಂದು ಕೇಳಲಿಲ್ಲ. ಅಜ್ಜ ತಲೆಯಾಡಿಸಿ, 'ಗೊತ್ತು ಗೊತ್ತು. ಅಲ್ಲಿ ನೀರೈತಿ, ಹುಲ್ಲಿಲ್ಲ' ಎಂದ.

ನಮ್ಮೂರಿನ ಬಗ್ಗೆ ನಾನು ಕೇಳಿದ ಅತ್ಯಂತ ಚಿಕ್ಕ ಮತ್ತು ಅತ್ಯಂತ ಸರಿಯಾದ ವರ್ಣನೆ ಅದು. ಅವನ ಅಪ್ಪನ ಕಾಲದಲ್ಲಿ ಕುರಿ ಹಿಂಡು ನಮ್ಮ ಕಡೆಗೆ ಇಳಿಯುತ್ತಿತ್ತಂತೆ. ಆಗ ಅದೆಲ್ಲ ಎರೆ ಹೊಲ, ಜೋಳ, ಹತ್ತಿ, ನಡುನಡುವೆ ಹುಲ್ಲುಬೀಳು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆ ಬಂದ ಮೇಲೆ ಬೀಳೆಲ್ಲ ಗದ್ದೆಯಾಯಿತು. ಅಂದರೆ ನಾನು ಬಸ್ಸು ಬದಲಿಸಿ, ಊಬು ಚುಚ್ಚಿಸಿಕೊಂಡು ನೋಡಲು ಬಂದ ಖರಾಬು ನಮ್ಮ ತಾತನ ಹಿತ್ತಿಲಲ್ಲೇ ಇತ್ತು!

ಆಗ ತಾತನ ಇನ್ನೊಂದು ಮಾತು ನೆನಪಾಯಿತು. ಕಾಲುವೆ ಬರುವ ಮುಂಚೆ ಜೋಳದ ಹೊಲದಲ್ಲಿ 'ಮಗುವಿನಷ್ಟು ಎತ್ತರದ ಹಕ್ಕಿ' ನಡೆದಾಡುತ್ತಿತ್ತು ಎನ್ನುತ್ತಿದ್ದ. ನಾವು ನಗುತ್ತಿದ್ದೆವು. ತಾತ ಸೇಂದಿ ಕುಡಿದ ದಿನ ಹಕ್ಕಿ ಇನ್ನೂ ಎತ್ತರವಾಗುತ್ತಿತ್ತು. ಅದು ಎರ್ಲಡ್ಡು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಎರೆಭೂತ ಅಂತಲೂ ಕರೆಯುತ್ತಾರೆ. ಗಂಡು ಹಕ್ಕಿ ಹದಿನೈದು ಕಿಲೋವರೆಗೆ ತೂಗುತ್ತದೆ, ಹಾರುವ ಹಕ್ಕಿಗಳಲ್ಲಿ ಅತಿ ಭಾರದವುಗಳಲ್ಲೊಂದು. ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಟ್ಟು ಕಾಯುತ್ತದೆ. ಅದನ್ನೇ ರಾಷ್ಟ್ರಪಕ್ಷಿ ಮಾಡಿ ಎಂದು ಸಲೀಂ ಅಲಿ ಬಯಸಿದ್ದರು. 1963ರಲ್ಲಿ ಪಟ್ಟ ನವಿಲಿಗೆ ಹೋಯಿತು. ಇಂಗ್ಲಿಷ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಬೈಗುಳವಾಗುತ್ತದೆಂದು ದಿಲ್ಲಿಯವರು ಹೆದರಿದರು ಎಂಬ ಕಥೆಯೂ ಇದೆ. ಎರ್ಲಡ್ಡು ಎಂದಿದ್ದರೆ ಯಾವ ಭಯವೂ ಇರಲಿಲ್ಲ. ಈಗ ಇಡೀ ದೇಶದಲ್ಲಿ ಉಳಿದಿರುವುದು ಇನ್ನೂರಕ್ಕೂ ಕಡಿಮೆ, ಹೆಚ್ಚಿನವು ರಾಜಸ್ಥಾನದಲ್ಲಿ. ಕರ್ನಾಟಕದಲ್ಲಿ ಬೆರಳೆಣಿಕೆಯಷ್ಟು ಕಾಣಿಸಿಕೊಂಡದ್ದು ನಮ್ಮ ಪಕ್ಕದ ಸಿರುಗುಪ್ಪದ ಎರೆಯಲ್ಲಿ, ನೀರು ಹತ್ತದೆ ಉಳಿದ ಹೊಲಗಳಲ್ಲಿ. ತಾತನ ಹತ್ತಿರ ಕ್ಷಮೆ ಕೇಳೋಣವೆಂದರೆ ತಾತ ಇಲ್ಲ.

ಈ ಸೀಮೆಯಲ್ಲಿ ಮನುಷ್ಯರು ಮೊದಲು ನೆಲೆ ನಿಂತದ್ದೂ ಹುಲ್ಲು ನಂಬಿಯೇ. ಕುಡಿತಿನಿಯ ಹತ್ತಿರ ಬೂದಿಗುಡ್ಡೆ ಇದೆ. ಹಂಪಿ ಬಳಿ ನಿಂಬಾಪುರದಲ್ಲಿರುವುದನ್ನು ವಾಲಿಯನ್ನು ಸುಟ್ಟ ಬೂದಿ ಎಂದು ಜನ ನಂಬುತ್ತಾರೆ. ರಾಬರ್ಟ್ ಬ್ರೂಸ್ ಫೂಟ್, ಅವರಾದ ಮೇಲೆ ಆಲ್ಚಿನ್ ಎಂಬ ಪಂಡಿತರು ಕೆದಕಿ ನೋಡಿ ಅದು ಸಗಣಿ ಸುಟ್ಟ ಬೂದಿ ಎಂದು ತೋರಿಸಿದರು. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ದನಗಾಹಿಗಳ ದೊಡ್ಡಿಗಳವು. ವಾಲಿಯಿಂದ ಸಗಣಿಗೆ ಇಳಿದದ್ದು ಕೆಲವರಿಗೆ ಬೇಜಾರು. ನನಗೆ ಆಗಲಿಲ್ಲ. ನಾಡಿನ ಇತಿಹಾಸ ಸಗಣಿಯಿಂದ ಶುರುವಾಗುತ್ತದೆಂದು ತಿಳಿದರೆ ಎಮ್ಮಿಗನೂರಿನವನಿಗೆ ಹೆಮ್ಮೆಯೇ.

ಆ ಹೆಮ್ಮೆಯೇ ಸಂಜೆ ನನ್ನನ್ನು ಕೆಡಿಸಿತು.

ಇಳಿಯುವ ಹೊತ್ತು. ಬೆಳಕು ಹುಲ್ಲಿನ ಮೇಲೆ ಓರೆಯಾಗಿತ್ತು. ಒಂದು ಕಲ್ಲಿನ ದಿಬ್ಬದ ಆಚೆ, ಹುಲ್ಲಿನ ನಡುವೆ, ಕಪ್ಪು ಬೆನ್ನೊಂದು ಅಲ್ಲಾಡಿತು. ಭಾವ ನಿಂತರು. ನಾನು ನಿಲ್ಲಲಿಲ್ಲ. 'ಎಮ್ಮೆ ಭಾವ, ಯಾರದೋ ತಪ್ಪಿಸಿಕೊಂಡು ಬಂದೈತಿ' ಎಂದೆ. ಉಳಿದ ವಿಷಯದಲ್ಲಿ ನಾನು ಯಾರ ಮಾತನ್ನಾದರೂ ಕೇಳುತ್ತೇನೆ, ಎಮ್ಮೆ ವಿಷಯದಲ್ಲಿ ಮಾತ್ರ ಇಲ್ಲ. ನಾಲಗೆ ಲೊಟಗುಟ್ಟಿಸಿ, ನಮ್ಮ ಹಟ್ಟಿಯಲ್ಲಿ ಕರೆಯುವ ರಾಗದಲ್ಲಿಯೇ 'ಬಾ ಬಾ ಬಾ' ಎಂದು ಕರೆದೆ.

ಎಮ್ಮೆ ಎರಡು ಕಾಲ ಮೇಲೆ ಎದ್ದು ನಿಂತಿತು.

ಎದೆಯ ಮೇಲೆ ಮಾಸಲು ಬಿಳಿಯ ಗುರುತು, ಉದ್ದ ಮೂತಿ, ಮೂತಿಗೆ ಮೆತ್ತಿದ ಕೆಮ್ಮಣ್ಣು. ಹುತ್ತ ಅಗೆದು ಗೆದ್ದಲು ತಿನ್ನುತ್ತಿದ್ದುದನ್ನು ನಡುವೆ ಎಬ್ಬಿಸಿದ್ದೆ. ಅದು ಗಾಳಿ ಮೂಸಿ ನನ್ನನ್ನು ನೋಡಿತು. ನಾನು ನೋಡಲಿಲ್ಲ, ಕಣ್ಣು ಮುಚ್ಚಿದ್ದೆ. ಆಮೇಲಿನದು ಭಾವ ಹೇಳಿದ್ದು. ಕರಡಿ ನಾಲ್ಕು ಕಾಲಿಗೆ ಇಳಿದು, ಬೇಜಾರಾದವರಂತೆ ಒಮ್ಮೆ ಗುರುಗುಟ್ಟಿ, ಕಣಿವೆಯ ಕಡೆಗೆ ಹೊರಟುಹೋಯಿತಂತೆ. ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದ ಭಾವನ ಐದು ಬೆರಳಿನ ಗುರುತು ವಾರದ ತನಕ ಇತ್ತು.

ಕರಡಿ ನೋಡಬೇಕಾದರೆ ಅದಕ್ಕೇ ಬೇರೆ ಜಾಗವಿದೆ. ದರೋಜಿಯ ಕರಡಿಧಾಮ 1994ರಲ್ಲಿ ಆದದ್ದು, 2009ರಲ್ಲಿ ಬುಕ್ಕಸಾಗರದ ಕಾಡನ್ನೂ ಸೇರಿಸಿ ಈಗ 82 ಚದರ ಕಿಲೋಮೀಟರಿಗೂ ಮೇಲಿದೆ. ಮಧ್ಯಾಹ್ನ ಬಂಡೆಗಳಿಗೆ ಬೆಲ್ಲದ ಪಾಕ ಬಳಿಯುತ್ತಾರೆ, ಕರಡಿಗಳು ಬಂದು ನೆಕ್ಕುತ್ತವೆ, ನೀವು ದೂರದ ವೀಕ್ಷಣಾ ಗೋಪುರದಲ್ಲಿ ಕೂತು ನೋಡಬಹುದು. ಯಾರೂ 'ಬಾ ಬಾ' ಎಂದು ಕರೆಯುವ ಅಗತ್ಯವಿಲ್ಲ.

ಅಕ್ಕನಿಗೆ ಹೇಳಬೇಡಿ ಎಂದು ಭಾವನಿಗೆ ದಾರಿಯುದ್ದಕ್ಕೂ ಬೇಡಿಕೊಂಡೆ. ಹೇಳಲ್ಲ ಎಂದರು. ಪಾರ್ವತಿ ಗುಡಿ ಮುಟ್ಟುವ ಮೊದಲೇ ಹೇಳಿಬಿಟ್ಟರು. ಈಗ ಎಮ್ಮಿಗನೂರಿನಲ್ಲಿ ಯಾರದಾದರೂ ಎಮ್ಮೆ ಹಗ್ಗ ಕಿತ್ತುಕೊಂಡರೆ ನನ್ನನ್ನೇ ಕರೆಸುತ್ತಾರೆ, ಮೊದಲು ಎದ್ದು ನಿಲ್ಲುತ್ತದೋ ಇಲ್ಲವೋ ನೋಡಿ ಹೇಳಲಿಕ್ಕೆ.

ನೀವು ಹೋಗುವುದಾದರೆ ಸೆಪ್ಟೆಂಬರಿನಲ್ಲಿಯೇ ಹೋಗಿ, ಹುಲ್ಲಿಗೆ ಊಬು ಬಂದಿರುವುದಿಲ್ಲ. ಬೂಟನ್ನು ಅಂಗಡಿಯಲ್ಲೇ ಕೊಳ್ಳಿ. ಬೆಟ್ಟದ ಹುಲ್ಲಿನ ಮೇಲೆ ಮಿರ್ಚಿ ಸಿಗುವುದಿಲ್ಲ, ಹೊಸಪೇಟೆಯಲ್ಲಿ ಕಟ್ಟಿಸಿಕೊಳ್ಳಿ.